ಎಳೆಯ ಗಾಯಾಳು ಮತ್ತು ಮೊದಲ ಆಸ್ಪತ್ರೆ

ಕಾರು ಅಪಘಾತದಲ್ಲಿ ಗಾಯಗೊಂಡ ಮಗುವಿಗೆ ತುರ್ತು ಚಿಕಿತ್ಸೆ ಸಿಗುವ ವಿಚಾರವನ್ನು ಸಾಮಾನ್ಯವಾಗಿ ದೂರದ ಲೆಕ್ಕದಲ್ಲಿ, ಎಂದರೆ ಆಸ್ಪತ್ರೆ ಎಷ್ಟು ಕಿಲೋಮೀಟರು, ಆಂಬ್ಯುಲೆನ್ಸ್ ಬರಲು ಎಷ್ಟು ನಿಮಿಷ ಎಂಬ ಲೆಕ್ಕದಲ್ಲಿ ನೋಡಲಾಗುತ್ತದೆ. ಈ ಲೆಕ್ಕ ಬೇಕಾದದ್ದೇ, ಆದರೆ ಅರ್ಧ ಮಾತ್ರ. ಮಗು ತಲುಪಿದ ಆಸ್ಪತ್ರೆಯಲ್ಲಿ ಅದರ ಮುಖಕ್ಕೆ ಹೊಂದುವ ಆಮ್ಲಜನಕದ ಮಾಸ್ಕ್, ಅದರ ತೋಳಿಗೆ ಸರಿಯಾಗುವ ಬಿಪಿ ಪಟ್ಟಿ, ಅದರ ತೂಕಕ್ಕೆ ತಕ್ಕಂತೆ ಔಷಧ ಅಳೆಯಬಲ್ಲ ನರ್ಸ್ ಇಲ್ಲದಿದ್ದರೆ, ಹತ್ತೇ ನಿಮಿಷದಲ್ಲಿ ಬಂದು ಸೇರಿದ ಮಗುವೂ ಚಿಕಿತ್ಸೆಯಿಂದ ದೂರವೇ ಉಳಿಯುತ್ತದೆ. ಆದ್ದರಿಂದ ಮಕ್ಕಳ ಮಟ್ಟಿಗೆ ತುರ್ತು ಚಿಕಿತ್ಸೆಯ ಪ್ರಶ್ನೆ ಮುಖ್ಯವಾಗಿ ಮೊದಲ ಆಸ್ಪತ್ರೆಯ ಪ್ರಶ್ನೆಯಾಗಿದೆ. ಮಹಾನಗರದಲ್ಲಿರುವ ದೊಡ್ಡ ಮಕ್ಕಳ ಆಸ್ಪತ್ರೆ ಎಷ್ಟೇ ಸುಸಜ್ಜಿತವಾಗಿದ್ದರೂ, ಹೆದ್ದಾರಿಯ ಪಕ್ಕದ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೊದಲ ಅರ್ಧ ಗಂಟೆ ಏನು ನಡೆಯಿತು ಎಂಬುದೇ ಮಗುವಿನ ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಈ ಭಾಷಣದ ನಿಲುವು.

ಜಗತ್ತಿನಲ್ಲಿ ರಸ್ತೆ ಅಪಘಾತಗಳಿಂದ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆಂದೂ, 5ರಿಂದ 29 ವರ್ಷದೊಳಗಿನವರ ಸಾವಿನ ಮೊದಲ ಕಾರಣವೇ ರಸ್ತೆ ಅಪಘಾತವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ 2022ರಲ್ಲಿ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅವರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ 18 ತುಂಬದವರು. ಇವರಲ್ಲಿ ನಡೆದುಹೋಗುತ್ತಿದ್ದವರು, ಸೈಕಲ್ಲಿನವರು, ಬೈಕಿನ ಹಿಂದೆ ಕುಳಿತವರು ಎಲ್ಲರೂ ಸೇರಿದ್ದಾರೆ. ಕಾರಿನೊಳಗಿದ್ದ ಮಗುವಿನ ಗಾಯ ಇವುಗಳಲ್ಲಿ ಒಂದು ಬಗೆ ಮಾತ್ರವಾದರೂ, ಮಧ್ಯಮ ವರ್ಗದ ಮನೆಮನೆಗೂ ಕಾರು ಬಂದಿರುವ, ಹಬ್ಬಕ್ಕೆ ಊರಿಗೆ, ಬೇಸಗೆ ರಜೆಗೆ ದೇವಸ್ಥಾನಗಳಿಗೆ ಇಡೀ ಕುಟುಂಬ ಒಂದೇ ಕಾರಿನಲ್ಲಿ ರಾತ್ರಿ ಹೊರಡುವ ಈ ಕಾಲದಲ್ಲಿ ಅದನ್ನು ಬೇರೆಯಾಗಿ ಎತ್ತಿ ನೋಡುವ ಅಗತ್ಯವಿದೆ.

ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ ಎಂಬ ಮಾತು ವೈದ್ಯಕೀಯ ತರಗತಿಗಳಲ್ಲಿ ಮೊದಲ ದಿನವೇ ಕೇಳಿಬರುತ್ತದೆ. ಅಪಘಾತದ ಸಂದರ್ಭದಲ್ಲಿ ಆ ಮಾತಿನ ಅರ್ಥವೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ದೇಹದ ಪ್ರತಿ ಕಿಲೋ ತೂಕಕ್ಕೆ ಮಗುವಿನಲ್ಲಿ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಹಾಗಾದರೆ 10 ಕಿಲೋ ತೂಗುವ, ಎಂದರೆ ವರ್ಷ ತುಂಬಿದ ಆಸುಪಾಸಿನ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 800 ಮಿಲಿಲೀಟರ್. ದೊಡ್ಡವರ ಪಾಲಿಗೆ ಲೆಕ್ಕಕ್ಕೇ ಬಾರದ, ಒಂದು ದೊಡ್ಡ ಲೋಟದಷ್ಟು ರಕ್ತ ಸೋರಿಹೋದರೆ ಆ ಮಗು ತನ್ನ ರಕ್ತದ ಕಾಲು ಭಾಗವನ್ನೇ ಕಳೆದುಕೊಂಡಿರುತ್ತದೆ. ಇನ್ನೂ ಅಪಾಯದ ಸಂಗತಿಯೆಂದರೆ, ರಕ್ತ ಕಳೆದುಕೊಳ್ಳುತ್ತಿರುವ ಮಗುವಿನ ರಕ್ತನಾಳಗಳು ಬಿಗಿಯಾಗಿ ಸಂಕುಚಿಸಿ, ಹೃದಯ ಬಿರುಸಾಗಿ ಬಡಿದು, ರಕ್ತದೊತ್ತಡವನ್ನು ಬಹಳ ಹೊತ್ತು ಸರಿಯಾಗಿಯೇ ತೋರಿಸುತ್ತವೆ. ಒಟ್ಟು ರಕ್ತದ ಶೇಕಡಾ 30ರಷ್ಟು ಹೋಗುವವರೆಗೂ ಬಿಪಿ ಇಳಿಯದೆ ಇರಬಹುದು. ಇಳಿಯತೊಡಗಿದ ಮೇಲೆ ಹೃದಯ ನಿಲ್ಲುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ದೊಡ್ಡವರ ರೂಢಿಯಲ್ಲಿ ಬಿಪಿ ನೋಡಿ, ಸರಿಯಿದೆ ಎಂದು ಬರೆದು, ಮಗುವನ್ನು ಬೆಂಚಿನ ಮೇಲೆ ಕೂರಿಸುವ ಆಸ್ಪತ್ರೆ ಈ ಕಾರಣದಿಂದಲೇ ಮೋಸಹೋಗುತ್ತದೆ. ಮಗುವಿನಲ್ಲಿ ಮೊದಲು ಗಮನಿಸಬೇಕಾದದ್ದು ನಾಡಿಯ ವೇಗ, ತಣ್ಣಗಾದ ಅಂಗೈ ಅಂಗಾಲು, ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಹಿಡಿಯುವ ಸಮಯ, ಮತ್ತು ಅಮ್ಮನ ದನಿಗೆ ಮಗು ಸ್ಪಂದಿಸುವ ರೀತಿ.

ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಅದನ್ನು ಹೊತ್ತ ಕುತ್ತಿಗೆಯ ಸ್ನಾಯುಗಳು ಬಲಿಯದವು. ಆದ್ದರಿಂದ ಎಳೆಯ ಮಕ್ಕಳಲ್ಲಿ ತಲೆಯ ಗಾಯ ಹೆಚ್ಚು, ಸಾವಿಗೆ ಮುಖ್ಯ ಕಾರಣವೂ ಅದೇ. ಇದೇ ದೊಡ್ಡ ತಲೆಯಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಪ್ರಜ್ಞೆಯಿಲ್ಲದ ಮಗುವನ್ನು ಸಮತಟ್ಟಾದ ಮಂಚದ ಮೇಲೆ ಅಂಗಾತ ಮಲಗಿಸಿದರೆ, ತಲೆಯ ಹಿಂಭಾಗ ಉಬ್ಬಿಕೊಂಡಿರುವುದರಿಂದ ಕುತ್ತಿಗೆ ತಾನಾಗಿಯೇ ಮುಂದಕ್ಕೆ ಬಾಗಿ, ಮೊದಲೇ ಇಕ್ಕಟ್ಟಾದ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಬಾಯಿಯ ಅಳತೆಗೆ ದೊಡ್ಡದಾದ ನಾಲಿಗೆ ಹಿಂದಕ್ಕೆ ಜಾರುತ್ತದೆ. ಬೆನ್ನು ಮತ್ತು ಭುಜದ ಕೆಳಗೆ ಒಂದು ಅಂಗುಲ ದಪ್ಪಕ್ಕೆ ಮಡಿಸಿದ ಟವೆಲ್ಲನ್ನು ಇಟ್ಟರೆ ಕುತ್ತಿಗೆ ನೇರವಾಗಿ ಉಸಿರು ಸರಾಗವಾಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಯಂತ್ರವೂ ಬೇಕಿಲ್ಲ, ಗೊತ್ತಿರಬೇಕು, ಅಷ್ಟೆ. ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ಜೀವ ಉಳಿಸುವ ಎಷ್ಟೋ ಕ್ರಮಗಳು ಈ ಟವೆಲ್ಲಿನ ಹಾಗೆ ಹಣಕ್ಕಿಂತ ಹೆಚ್ಚಾಗಿ ತರಬೇತಿಯನ್ನು ಬೇಡುತ್ತವೆ ಎಂಬುದನ್ನು ಆಡಳಿತಗಾರರು ಮನಸ್ಸಿಗೆ ತಂದುಕೊಳ್ಳಬೇಕು.

ಪಕ್ಕೆಲುಬುಗಳ ವಿಷಯವೂ ಹೀಗೆಯೇ. ದೊಡ್ಡವರ ಎದೆಗೆ ಪೆಟ್ಟು ಬಿದ್ದರೆ ಪಕ್ಕೆಲುಬು ಮುರಿದು, ಎಕ್ಸ್‌ರೇಯಲ್ಲಿ ಕಾಣಿಸಿಕೊಂಡು ಎಚ್ಚರಿಕೆ ಕೊಡುತ್ತದೆ; ಮಗುವಿನ ಪಕ್ಕೆಲುಬು ಬಾಗಿ ಮತ್ತೆ ನೆಟ್ಟಗಾಗುವುದರಿಂದ, ಒಳಗೆ ಶ್ವಾಸಕೋಶ ಜಜ್ಜಿಹೋಗಿದ್ದರೂ ಹೊರಗೆ ಮೂಳೆ ಮುರಿದ ಗುರುತೇ ಇರುವುದಿಲ್ಲ. ಯಕೃತ್ತು ಮತ್ತು ಗುಲ್ಮ, ಎಂದರೆ ಹೊಟ್ಟೆಯ ಬಲಕ್ಕೂ ಎಡಕ್ಕೂ ಇರುವ ರಕ್ತ ತುಂಬಿದ ಅಂಗಗಳು, ದೊಡ್ಡವರಲ್ಲಿರುವಷ್ಟು ಪಕ್ಕೆಲುಬಿನ ಮರೆಯಲ್ಲಿರುವುದಿಲ್ಲ. ಬೆನ್ನುಮೂಳೆಯಲ್ಲಿ ಬಿರುಕಿಲ್ಲದೆಯೇ ಬೆನ್ನುಹುರಿಗೆ ಗಾಯವಾಗುವುದು ಮಕ್ಕಳಲ್ಲಿ ವಿಶೇಷವಾಗಿ ಕಂಡುಬರುತ್ತದೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರಹು ಹೆಚ್ಚಾದ್ದರಿಂದ, ಪರೀಕ್ಷೆಗೆಂದು ಬಟ್ಟೆ ತೆಗೆದ ಮಗು ಫ್ಯಾನಿನ ಕೆಳಗೆ ಬೇಗನೆ ತಣ್ಣಗಾಗುತ್ತದೆ, ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ.

ಕಾರಿನೊಳಗಿನ ಮಗುವಿಗೆ ಆಗುವ ಗಾಯಗಳು ಅದು ಕುಳಿತಿದ್ದ ರೀತಿಯನ್ನು ಅನುಸರಿಸುತ್ತವೆ. ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲಿದ್ದ ಮಗುವನ್ನು ಡಿಕ್ಕಿಯ ಗಳಿಗೆಯಲ್ಲಿ ಯಾವ ತೋಳೂ ಹಿಡಿದಿಡಲಾರದು. ಅದು ಡ್ಯಾಷ್‌ಬೋರ್ಡಿಗೆ ಬಡಿಯುತ್ತದೆ ಅಥವಾ ಅದೇ ಕ್ಷಣದಲ್ಲಿ ಸಿಡಿದು ಉಬ್ಬುವ ಏರ್‌ಬ್ಯಾಗಿಗೆ ತೀರ ಹತ್ತಿರದಿಂದ ಸಿಕ್ಕಿಕೊಳ್ಳುತ್ತದೆ. ದೊಡ್ಡವರಿಗಾಗಿ ಮಾಡಿದ ಬೆಲ್ಟನ್ನೇ ಕಟ್ಟಿಕೊಂಡಿದ್ದ ಆರೇಳು ವರ್ಷದ ಮಗುವಿನ ಸೊಂಟದ ಮೂಳೆಗಳ ಮೇಲೆ ಕೂರಬೇಕಾದ ಪಟ್ಟಿ ಮೃದುವಾದ ಹೊಟ್ಟೆಯ ಮೇಲಕ್ಕೆ ಜಾರಿರುತ್ತದೆ. ಡಿಕ್ಕಿಯಾದಾಗ ಆ ಪಟ್ಟಿ ಕರುಳನ್ನು ಬೆನ್ನುಮೂಳೆಗೆ ಒತ್ತಿಹಿಡಿದು ಹರಿಯಬಹುದು. ವೈದ್ಯರು ಇದನ್ನು ಸೀಟ್‌ಬೆಲ್ಟ್ ಗಾಯ ಎನ್ನುತ್ತಾರೆ. ಹೊಟ್ಟೆಗೆ ಅಡ್ಡಲಾಗಿ ಮೂಡಿದ ಒಂದು ನೀಲಿಗೆಂಪು ಬರೆ ಅದರ ಗುರುತು, ಮತ್ತು ಒಡೆದ ಕರುಳಿನ ನೋವು, ಜ್ವರ, ವಾಂತಿಗಳು ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುವುದರಿಂದ, ಆ ಬರೆ ಇರುವ ಮಗುವನ್ನು ಚೆನ್ನಾಗಿಯೇ ಇದೆ ಎಂದು ಮನೆಗೆ ಕಳುಹಿಸಬಾರದು. ಇದರರ್ಥ ಬೆಲ್ಟ್ ಬೇಡವೆಂದಲ್ಲ. ಬೆಲ್ಟಿಲ್ಲದ ಮಗುವಿನ ಗತಿ ಇದಕ್ಕಿಂತ ಬಹಳ ಕೆಟ್ಟದ್ದು. ಸುಮಾರು 145 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಗುವಿಗೆ ಅದರ ಅಳತೆಯ ಸೀಟು ಅಥವಾ ಎತ್ತರಿಸುವ ಆಸನ ಬೇಕು ಎಂಬುದಷ್ಟೇ ಇದರ ತಾತ್ಪರ್ಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡವಿದೆ. ಈ ಕಲಮಿನ ಮೇಲೆ ದಂಡ ಹಾಕಿದ ಸುದ್ದಿ ಊರಿನ ಠಾಣೆಗಳಲ್ಲಿ ಅಪರೂಪ, ಮಕ್ಕಳ ಸೀಟು ಇರುವ ಕಾರು ಇನ್ನೂ ಅಪರೂಪ.

ತುರ್ತು ಚಿಕಿತ್ಸೆಯ ಶಾಸ್ತ್ರ ಬೆಳೆದ ದಾರಿಯಲ್ಲಿ ಮಕ್ಕಳ ಗಾಯಗಳು ಒಂದು ಮುಖ್ಯ ತಿರುವಿಗೆ ಕಾರಣವಾಗಿವೆ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಹೊಲವೊಂದರಲ್ಲಿ ಬಿದ್ದು, ಅವರ ಪತ್ನಿ ಸ್ಥಳದಲ್ಲೇ ತೀರಿಕೊಂಡರು, ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರವಾದ ಪೆಟ್ಟಾಯಿತು. ದಾರಿಯಲ್ಲಿ ಹೋಗುತ್ತಿದ್ದ ಕಾರನ್ನು ನಿಲ್ಲಿಸಿ ಮಕ್ಕಳನ್ನು ಹತ್ತಿರದ ಹಳ್ಳಿಗಾಡಿನ ಆಸ್ಪತ್ರೆಗೆ ಒಯ್ದಾಗ, ಅಲ್ಲಿ ಸಿಕ್ಕಿದ ಆರೈಕೆ ತಾವು ಬರಿಗೈಯಲ್ಲಿ ಹೊಲದ ಮಧ್ಯೆ ಕೊಟ್ಟ ಆರೈಕೆಗಿಂತಲೂ ಕಳಪೆಯಾಗಿತ್ತೆಂದು ಅವರು ಕಂಡುಕೊಂಡರು. ಆಸ್ಪತ್ರೆ ಹತ್ತಿರವೇ ಇತ್ತು, ವೈದ್ಯರೂ ಬಂದರು, ಆದರೆ ಗಾಯಾಳುವಿನಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಅವರಿಗೆ ಗೊತ್ತಿರಲಿಲ್ಲ. ಸ್ಟೈನರ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ರೂಪಿಸಿದ ತರಬೇತಿಯೇ ಇಂದು ಎಟಿಎಲ್‌ಎಸ್ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ನಡೆಯುತ್ತಿದೆ: ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಪರಿಚಲನೆ, ಆಮೇಲೆ ನರಮಂಡಲ ಎಂಬ ಕ್ರಮ ಅದರ ಬೆನ್ನೆಲುಬು. ಅದು ಕಾರಿನ ಅಪಘಾತವಲ್ಲದಿದ್ದರೂ, ಹಳ್ಳಿಗಾಡಿನ ಮೊದಲ ಆಸ್ಪತ್ರೆಯಲ್ಲಿ ಮಕ್ಕಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯಿಂದಲೇ ಈ ಇಡೀ ಪದ್ಧತಿ ಹುಟ್ಟಿತು.

ಅದೇ ದೇಶದಲ್ಲಿ 1984ರಲ್ಲಿ ಮಕ್ಕಳ ತುರ್ತು ವೈದ್ಯಕೀಯ ಸೇವೆಗಾಗಿಯೇ ಒಂದು ಸರ್ಕಾರಿ ಕಾರ್ಯಕ್ರಮ ಆರಂಭವಾಯಿತು. ಅದೇ ದಶಕದಲ್ಲಿ ಜೇಮ್ಸ್ ಬ್ರೋಸೆಲೊ ಎಂಬ ವೈದ್ಯರು ಒಂದು ಬಣ್ಣದ ಟೇಪನ್ನು ರೂಪಿಸಿದರು. ಮಗುವಿನ ಪಕ್ಕದಲ್ಲಿ ಅದನ್ನು ಹಾಸಿ, ತಲೆಯಿಂದ ಹಿಮ್ಮಡಿಯವರೆಗಿನ ಉದ್ದ ಯಾವ ಬಣ್ಣದ ಪಟ್ಟಿಗೆ ಬರುತ್ತದೆ ಎಂದು ನೋಡಿದರೆ, ಮಗುವಿನ ಅಂದಾಜು ತೂಕ, ಕೊಡಬೇಕಾದ ಔಷಧದ ಪ್ರಮಾಣ, ಬಳಸಬೇಕಾದ ಕೊಳವೆಯ ಅಳತೆ ಎಲ್ಲವೂ ಅಲ್ಲೇ ಅಚ್ಚಾಗಿರುತ್ತದೆ. ಪ್ರಜ್ಞೆ ತಪ್ಪಿದ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಲಾಗದ ಗಳಿಗೆಯಲ್ಲಿ, ಗಾಬರಿಗೊಂಡ ಮನಸ್ಸು ಗುಣಾಕಾರ ಭಾಗಾಕಾರ ಮಾಡುವ ಕಷ್ಟವನ್ನು ಈ ಟೇಪು ತಪ್ಪಿಸುತ್ತದೆ. ಭಾರತದ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದಾಗ 10 ಕಿಲೋ ದಾಟಿದ ಮಕ್ಕಳ ತೂಕವನ್ನು ಅದು ಹೆಚ್ಚಾಗಿ ತೋರಿಸುವುದು ಕಂಡುಬಂದಿದೆ. ಹಾಗಾಗಿ ಇಲ್ಲಿನ ಮಕ್ಕಳ ಅಳತೆಗೆ ತಿದ್ದಿದ, ಕನ್ನಡದಲ್ಲೇ ಅಚ್ಚಾದ ಅಂಥ ಟೇಪೊಂದು ಪ್ರತಿ ಆಂಬ್ಯುಲೆನ್ಸಿನಲ್ಲಿಯೂ ತೂಗುವಂತಾಗಬೇಕು.

ಮೊದಲ ಆಸ್ಪತ್ರೆಯ ಸಿದ್ಧತೆ ನಿಜವಾಗಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ 2021ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಬಲವಾದ ಆಧಾರವಾಗಿದೆ. ಟ್ರಾಮಾ ಕೇಂದ್ರಗಳೆನಿಸಿಕೊಂಡ, ಎಂದರೆ ಗಂಭೀರ ಗಾಯಗಳ ಚಿಕಿತ್ಸೆಗೆಂದೇ ಗುರುತಿಸಿದ 832 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ 3.7 ಲಕ್ಷಕ್ಕೂ ಹೆಚ್ಚು ಗಾಯಾಳು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಮಕ್ಕಳಿಗೆ ಅತ್ಯಂತ ಸಿದ್ಧವಾಗಿದ್ದ ಕಾಲು ಭಾಗದಷ್ಟು ಆಸ್ಪತ್ರೆಗಳಲ್ಲಿ ಸಾವಿನ ಸಂಭವ, ಅತ್ಯಂತ ಕಡಿಮೆ ಸಿದ್ಧವಾಗಿದ್ದ ಕಾಲು ಭಾಗಕ್ಕಿಂತ ಸುಮಾರು ಶೇಕಡಾ 40ರಷ್ಟು ಕಡಿಮೆಯಿತ್ತು. ಇಲ್ಲಿ ಸಿದ್ಧತೆಯೆಂದರೆ ಮಕ್ಕಳ ಅಳತೆಯ ಉಪಕರಣಗಳು ಕೈಗೆಟುಕುವಂತಿರುವುದು, ಮಕ್ಕಳ ತುರ್ತು ಚಿಕಿತ್ಸೆಯ ಹೊಣೆ ಹೊತ್ತ ಒಬ್ಬ ವೈದ್ಯರು ಅಥವಾ ನರ್ಸ್ ಇರುವುದು, ಎಲ್ಲಿಗೆ ಯಾವಾಗ ಕಳುಹಿಸಬೇಕೆಂಬ ಬರಹದ ನಿಯಮವಿರುವುದು ಮುಂತಾದವು. ಟ್ರಾಮಾ ಕೇಂದ್ರವೆಂಬ ಹೆಸರು ಪಡೆದ ಆಸ್ಪತ್ರೆಗಳ ನಡುವೆಯೇ ಇಷ್ಟು ಅಂತರವಿದ್ದರೆ, ಆ ಹೆಸರೂ ಇಲ್ಲದ ಸಾಮಾನ್ಯ ಆಸ್ಪತ್ರೆಗಳ ಬಗ್ಗೆ ಕಳವಳ ಪಡಲೇಬೇಕಾಗುತ್ತದೆ.

ಕರ್ನಾಟಕದ ರಸ್ತೆಗಳಲ್ಲಿ ಅಪಘಾತ ನಡೆದ ಮೊದಲ ನಿಮಿಷಗಳು ವೈದ್ಯರ ಕೈಯಲ್ಲಿರುವುದಿಲ್ಲ, ದಾರಿಹೋಕರ ಕೈಯಲ್ಲಿರುತ್ತವೆ. ಜನ ಓಡಿಬರುತ್ತಾರೆ, ಜಜ್ಜಿದ ಬಾಗಿಲನ್ನು ಎಳೆದು ಮಗುವನ್ನು ಎತ್ತಿಕೊಳ್ಳುತ್ತಾರೆ, ಯಾರದೋ ಕಾರಿಗೋ ಆಟೋಗೋ ಹತ್ತಿಸಿ ಕಳುಹಿಸುತ್ತಾರೆ. ಈ ಮನುಷ್ಯತ್ವವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಎತ್ತುವಾಗ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಉಳಿಯಬೇಕು, ಒಬ್ಬರ ಎರಡು ಕೈಗಳು ತಲೆಯನ್ನೇ ಹಿಡಿದಿರಬೇಕು. ಮಕ್ಕಳ ಸೀಟಿನಲ್ಲೇ ಕುಳಿತಿರುವ ಮಗು ಸರಿಯಾಗಿ ಉಸಿರಾಡುತ್ತಿದ್ದರೆ, ಬೆಂಕಿಯಂಥ ಅಪಾಯವಿಲ್ಲದಿದ್ದರೆ, ಆಂಬ್ಯುಲೆನ್ಸ್ ಬರುವವರೆಗೆ ಸೀಟಿನಿಂದ ಬಿಡಿಸಬಾರದು. ಗಾಬರಿಯಲ್ಲಿ ನೀರು ಕುಡಿಸುವ ರೂಢಿಯನ್ನಂತೂ ಕೈಬಿಡಲೇಬೇಕು: ಅರೆಪ್ರಜ್ಞೆಯಲ್ಲಿರುವ ಮಗುವಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆಗೆ ಬೇಕಾಗುವ ಅರಿವಳಿಕೆಗೂ ತುಂಬಿದ ಹೊಟ್ಟೆ ಅಡ್ಡಿ.

ಸಹಾಯ ಮಾಡಿದವರೇ ಠಾಣೆ, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂಬ ಭಯ ದೀರ್ಘಕಾಲ ಜನರನ್ನು ಹಿಂದಕ್ಕೆ ಹಿಡಿದಿತ್ತು. ಸ್ಕೂಟರ್ ಸವಾರರೊಬ್ಬರಿಗೆ ಕಾರು ಬಡಿದಾಗ, ಮೊದಲ ಆಸ್ಪತ್ರೆ ಇದು ಪೊಲೀಸು ಪ್ರಕರಣವೆಂದು ಹೇಳಿ 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿ, ಅವರು ದಾರಿಯಲ್ಲೇ ತೀರಿಕೊಂಡ ಪ್ರಸಂಗದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ, ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯರ ಮೊದಲ ಕರ್ತವ್ಯ, ಕಾಗದಪತ್ರ ಅದರ ನಂತರ ಎಂದು ಸ್ಪಷ್ಟವಾಗಿ ಹೇಳಿತು. 2016ರಲ್ಲಿ ಅದೇ ನ್ಯಾಯಾಲಯ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ಕರ್ನಾಟಕ ಅದೇ ವರ್ಷ ತನ್ನದೇ ಮಸೂದೆ ರೂಪಿಸಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, ನೆರವಾದವರಿಗೂ ಚಿಕಿತ್ಸೆ ಕೊಟ್ಟವರಿಗೂ ರಕ್ಷಣೆ ನೀಡುವ ಕಾಯ್ದೆ ಮಾಡಿದ ರಾಜ್ಯವೆನಿಸಿತು. ಮಗುವನ್ನು ಆಸ್ಪತ್ರೆಗೆ ಒಯ್ದವರು ಹೆಸರು ವಿಳಾಸ ಹೇಳಲೇಬೇಕೆಂದು ಇಂದು ಯಾರೂ ಒತ್ತಾಯಿಸುವಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಬೇಕೆಂದು ನಿಯಮವಿದ್ದರೂ, ಹಳ್ಳಿಯ ಕಡೆ ಇದನ್ನು ತಿಳಿದವರು ಕಡಿಮೆಯೇ.

2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ 108ರ ಆಂಬ್ಯುಲೆನ್ಸ್ ಸೇವೆ ರಾಜ್ಯದಲ್ಲಿ ಆರಂಭವಾದ ಮೇಲೆ ಹಳ್ಳಿಗಳ ಗರ್ಭಿಣಿಯರಿಂದ ಹೆದ್ದಾರಿಯ ಗಾಯಾಳುಗಳವರೆಗೆ ಲೆಕ್ಕವಿಲ್ಲದಷ್ಟು ಜೀವಗಳು ಉಳಿದಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದಂತೆ ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬ್ಯುಲೆನ್ಸ್, ಐದು ಲಕ್ಷ ಜನಕ್ಕೆ ಒಂದು ವೆಂಟಿಲೇಟರ್ ಮುಂತಾದ ಸೌಲಭ್ಯಗಳಿರುವ ಉನ್ನತ ಆಂಬ್ಯುಲೆನ್ಸ್ ಇರಬೇಕು. ಜನಸಂಖ್ಯೆಯ ಮೇಲೆ ನಿಂತ ಈ ಲೆಕ್ಕ ಮಲೆನಾಡು, ಕರಾವಳಿಗಳಿಗೆ ಹೊಂದುವುದಿಲ್ಲ. ಅಲ್ಲಿ ಜನ ಕಡಿಮೆ, ತಿರುವುಗಳು ಹೆಚ್ಚು, ಹೊರಗಿನಿಂದ ಬರುವ ಪ್ರವಾಸಿ ಕಾರುಗಳು ಇನ್ನೂ ಹೆಚ್ಚು.

ಎರಡು ರಸ್ತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವಿಷಮತೆ ಕಣ್ಣಿಗೆ ಕಟ್ಟುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಸುಮಾರು 119 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯ ಒಂದು ತುದಿಯಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ತಲೆಯ ಗಾಯಕ್ಕೆ ಹೆಸರಾದ ನಿಮ್ಹಾನ್ಸ್, ಮೂಳೆಯ ಗಾಯಕ್ಕೆ ಸಂಜಯ್ ಗಾಂಧಿ ಆಸ್ಪತ್ರೆಗಳಿವೆ, ಇನ್ನೊಂದು ತುದಿಯಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಿದೆ, ಮಧ್ಯೆ ಮಂಡ್ಯದಲ್ಲಿ ವೈದ್ಯಕೀಯ ಕಾಲೇಜಿದೆ. ಮೊದಲ ತಿಂಗಳುಗಳಲ್ಲಿ ಸಾವುಗಳು ಏರಿದಾಗ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ನಿಷೇಧಿಸಲಾಯಿತು, ವೇಗಕ್ಕೆ ಕಡಿವಾಣ ಬಿದ್ದಿತು, ಸಾವುಗಳು ಎದ್ದುಕಾಣುವಂತೆ ಇಳಿದವು. ಇಷ್ಟಾದರೂ ಬೇಲಿ ಹಾಕಿದ ಈ ರಸ್ತೆಯಲ್ಲಿ ಆಂಬ್ಯುಲೆನ್ಸ್ ಸರಿಯಾದ ದಿಕ್ಕಿನ ಪ್ರವೇಶದಿಂದಲೇ ಒಳಗೆ ಬರಬೇಕಾದ್ದರಿಂದ, ಕರೆ ಮಾಡಿದವರು ತಾವು ಮೈಸೂರಿನ ಕಡೆ ಹೋಗುತ್ತಿದ್ದೆವೋ ಬೆಂಗಳೂರಿನ ಕಡೆ ಬರುತ್ತಿದ್ದೆವೋ ಎಂಬುದನ್ನು, ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿಯನ್ನು ಮೊದಲ ಮಾತಿನಲ್ಲೇ ಹೇಳುವುದು ಅಗತ್ಯ.

ಇನ್ನೊಂದು ರಸ್ತೆ ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ. ಇಲ್ಲಿ ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಸಿಗದ ತಿರುವುಗಳಿವೆ, ಮಳೆಗಾಲದಲ್ಲಿ ಧರೆ ಕುಸಿಯುತ್ತದೆ, ಸರಕಿನ ಲಾರಿಗಳು ಸಾಲುಗಟ್ಟಿರುತ್ತವೆ. ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಇನ್ನೂ ಸುಮಾರು 70 ಕಿಲೋಮೀಟರ್. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ, ತಲೆಗೆ ತೀವ್ರ ಪೆಟ್ಟಾದವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಯ ದಾರಿ ಹಿಡಿಯುವುದೇ ಉತ್ತರ ಕನ್ನಡದ ರೂಢಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸೊಂದು ಶಿರೂರಿನ ಟೋಲ್ ಬಳಿ ಮಗುಚಿ ಒಳಗಿದ್ದವರು ಸತ್ತ ಮೇಲೆ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಅಲ್ಲಿನ ಊರೂರಿನಲ್ಲಿ ಮತ್ತೆ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವವರೆಗೂ, ಈಡೇರಿದ ಮೇಲೂ, ಘಟ್ಟದ ಬುಡದಲ್ಲಿ ಗಾಯಗೊಂಡ ಮಗು ಮೊದಲು ಕಾಣುವುದು ತಾಲ್ಲೂಕು ಆಸ್ಪತ್ರೆಯನ್ನೇ.

ಹಾಗಾದರೆ ಆ ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ? ಬಡವೆನಿಸುವ ಈ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಬೇಕಾದ ಸಾಮಗ್ರಿ ಪೂರ್ತಿ ಇಲ್ಲವೆಂದೇನೂ ಅಲ್ಲ. ಹೆರಿಗೆ ನಡೆಯುವ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದು ಬೆಚ್ಚಗಿಡುವ ಹಾಸಿಗೆ, ಪುಟ್ಟ ಅಂಬು ಬ್ಯಾಗ್, ಎಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಸಣ್ಣ ಮಾಸ್ಕ್‌ಗಳು ಇರುತ್ತವೆ. ಆದರೆ ಅವು ಹೆರಿಗೆ ವಾರ್ಡಿನಲ್ಲಿರುತ್ತವೆ, ಗಾಯಗೊಂಡ ಮಗು ಬರುವುದು ತುರ್ತು ವಿಭಾಗಕ್ಕೆ. ಕೋವಿಡ್‌ನ ಮೂರನೆಯ ಅಲೆ ಮಕ್ಕಳನ್ನು ಬಾಧಿಸೀತೆಂಬ ಭಯದಿಂದ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 23,123 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿ, ದೇಶದ ಎಲ್ಲ 736 ಜಿಲ್ಲೆಗಳಲ್ಲಿ ಮಕ್ಕಳ ಚಿಕಿತ್ಸಾ ಘಟಕಗಳನ್ನು ಸ್ಥಾಪಿಸಲು ಹೊರಟಿತು. ಆ ಅಲೆ ಭಯಪಟ್ಟಂತೆ ಮಕ್ಕಳನ್ನು ಕಾಡಲಿಲ್ಲ. ಅಂದು ಬಂದ ಮಕ್ಕಳ ಹಾಸಿಗೆ, ಮಾನಿಟರು, ವೆಂಟಿಲೇಟರುಗಳನ್ನು ಅಪಘಾತದ ಮಕ್ಕಳ ಚಿಕಿತ್ಸೆಗೆ ಜೋಡಿಸಿಕೊಳ್ಳುವುದು ಜಿಲ್ಲಾ ಆಸ್ಪತ್ರೆಗಳು ಮಾಡಬಹುದಾದ ಕೆಲಸ, ಮಾಡಲೇಬೇಕಾದ ಕೆಲಸ. ತುರ್ತು ವಿಭಾಗದ ಒಂದು ಮೂಲೆಯಲ್ಲಿ ಮಕ್ಕಳ ಪೆಟ್ಟಿಗೆಯೊಂದು ಸಿದ್ಧವಿದ್ದು, ಅದರಲ್ಲಿ ಮೂರು ನಾಲ್ಕು ಅಳತೆಯ ಮಾಸ್ಕ್, ಕೊಳವೆ, ಬಿಪಿ ಪಟ್ಟಿ, ಕುತ್ತಿಗೆ ಪಟ್ಟಿ, ಮತ್ತು ರಕ್ತನಾಳ ಸಿಗದಾಗ ಮೊಣಕಾಲಿನ ಕೆಳಗಿನ ಮೂಳೆಯ ಮಜ್ಜೆಗೇ ದ್ರವ, ಔಷಧ ಕೊಡುವ ಗಟ್ಟಿ ಸೂಜಿ ಇದ್ದರೆ, ಸೋತು ಮುದುರಿದ ರಕ್ತನಾಳವನ್ನು ಹುಡುಕುತ್ತ ಅಮೂಲ್ಯ ನಿಮಿಷಗಳು ಕಳೆದುಹೋಗುವುದಿಲ್ಲ.

ಮುಂದಿನದು ರೆಫರಲ್, ಎಂದರೆ ಮೇಲಿನ ಆಸ್ಪತ್ರೆಗೆ ಕಳುಹಿಸುವ ಕ್ರಮ. ಈಗ ನಡೆಯುವುದು ಬಹುತೇಕ ಹೀಗೆ: ಚೀಟಿ ಬರೆದುಕೊಟ್ಟು ಮುಂದಕ್ಕೆ ಕರೆದುಕೊಂಡು ಹೋಗಿ ಎನ್ನುತ್ತಾರೆ, ಮುಂದಿನ ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆ ಇಲ್ಲವೆಂದು ಇನ್ನೊಂದು ಕಡೆಗೆ ಕಳುಹಿಸುತ್ತಾರೆ, ಮೂರನೆಯದರಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರು ರಜೆಯಲ್ಲಿರುತ್ತಾರೆ. ಗಾಯಾಳು ಮಗುವನ್ನು ಹೀಗೆ ಅಲೆಸುವುದು ಸಲ್ಲದು. ಹೃದಯಾಘಾತದ ವಿಷಯದಲ್ಲಿ ಇದೇ ರಾಜ್ಯ ಇದಕ್ಕಿಂತ ಒಳ್ಳೆಯ ದಾರಿಯನ್ನು ಈಗಾಗಲೇ ತೋರಿಸಿದೆ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ, ಆಮೇಲೆ ರೋಗಿಯನ್ನು ಸಾಗಿಸುತ್ತಾರೆ. ಗಾಯಾಳು ಮಗುವಿಗೂ ಇಂಥದೇ ಏರ್ಪಾಡು ಸಾಧ್ಯ: ಹಗಲಿರುಳೂ ಎತ್ತುವ ಒಂದು ಫೋನು, ಆ ಕಡೆಯಲ್ಲಿ ಮಕ್ಕಳ ತುರ್ತು ತಜ್ಞರು, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ ಎಂಬ ಆ ಹೊತ್ತಿನ ಮಾಹಿತಿ. ಉಸಿರು ಮತ್ತು ರಕ್ತಸ್ರಾವ ಹತೋಟಿಗೆ ಬಂದ ಮೇಲೆ, ಒಪ್ಪಿಕೊಂಡ ಆಸ್ಪತ್ರೆಯ ಹೆಸರು ಖಚಿತವಾದ ಮೇಲೆ ಮಾತ್ರ ಮಗು ಹೊರಡಬೇಕು.

ಕಾರು ಅಪಘಾತದಲ್ಲಿ ಎಷ್ಟೋ ಬಾರಿ ಅಪ್ಪ ಅಮ್ಮ ಇಬ್ಬರೂ ಪ್ರಜ್ಞೆ ತಪ್ಪಿರುತ್ತಾರೆ ಅಥವಾ ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರಿಲ್ಲವೆಂದು ವೈದ್ಯರು ಹಿಂಜರಿಯುವುದುಂಟು. ಈ ಹಿಂಜರಿಕೆಗೆ ಕಾನೂನಿನ ಆಧಾರವಿಲ್ಲ. 1860ರ ಭಾರತೀಯ ದಂಡಸಂಹಿತೆಯ 92ನೇ ಕಲಮಿನಲ್ಲೇ, ಅಪಘಾತಕ್ಕೊಳಗಾದ ಮಗುವಿಗೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಜೀವ ಹೋಗುವಂತಿದ್ದು, ಪಾಲಕರನ್ನು ಕೇಳಲು ಸಮಯವಿಲ್ಲದಿದ್ದಾಗ, ಮಗು ಬೇಡವೆಂದು ಅತ್ತರೂ ಸದುದ್ದೇಶದಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಅಪರಾಧಿಯಲ್ಲ ಎಂಬ ಉದಾಹರಣೆ ಇತ್ತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಅದನ್ನೇ ಮುಂದುವರಿಸಿದೆ. ನೂರಾ ಅರವತ್ತು ವರ್ಷಗಳ ಹಿಂದೆಯೇ ಕಾನೂನು ಬರೆದವರ ಕಣ್ಣ ಮುಂದೆ ಇದ್ದ ಈ ಮಗು, ಇಂದಿನ ತುರ್ತು ವಿಭಾಗದ ವೈದ್ಯರ ಮನಸ್ಸಿನಲ್ಲೂ ಇರಬೇಕು.

ಹಣದ ಅಡ್ಡಿಯನ್ನು ತೆಗೆಯುವ ದಿಕ್ಕಿನಲ್ಲಿ ಕರ್ನಾಟಕ ಮುಂದಿತ್ತು. 2016ರ ಆರಂಭದಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಗಳಿಗೆಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ಅವರ ಹೆಸರಿನಲ್ಲಿ ಆರಂಭವಾದ ಮುಖ್ಯಮಂತ್ರಿಗಳ ಸಾಂತ್ವನ ಯೋಜನೆ, ರಾಜ್ಯದ ರಸ್ತೆಯಲ್ಲಿ ಗಾಯಗೊಂಡ ಯಾರಿಗೇ ಆಗಲಿ, ಅವರು ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗಿನ ವೆಚ್ಚ ಭರಿಸುವ ಭರವಸೆ ನೀಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ಈ ಮಿತಿಯನ್ನು ಏಳು ದಿನ ಮತ್ತು ಒಂದೂವರೆ ಲಕ್ಷ ರೂಪಾಯಿಗೆ ಏರಿಸಿದೆ. ಮುಂಗಡ ಕಟ್ಟಿದರೆ ಮಾತ್ರ ಸೇರಿಸಿಕೊಳ್ಳುವ ಆಸ್ಪತ್ರೆಗೆ ಇನ್ನು ನೆಪವಿರಬಾರದು.

ಏಳು ದಿನಗಳ ನಂತರದ ಮಾತು ಮಕ್ಕಳ ವಿಷಯದಲ್ಲಿ ಬೇರೆಯೇ ಆಗುತ್ತದೆ. ಮೂಳೆಯ ತುದಿಯಲ್ಲಿ ಬೆಳೆಯುವ ಪದರಕ್ಕೆ ಪೆಟ್ಟಾದರೆ ಆ ಕಾಲು ಇನ್ನೊಂದರಷ್ಟು ಉದ್ದ ಬೆಳೆಯದಿರಬಹುದು, ಅದು ಗೊತ್ತಾಗುವುದು ವರ್ಷಗಳು ಕಳೆದ ಮೇಲೆ. ತಲೆಗೆ ಪೆಟ್ಟಾಗಿ ಚೇತರಿಸಿಕೊಂಡ ಮಗು ಶಾಲೆಗೆ ಮರಳಿ, ಕಲಿತದ್ದು ನೆನಪಿರದೆ, ಬೇಗ ಸಿಟ್ಟಿಗೇಳುತ್ತಿದ್ದರೆ ಅದನ್ನು ಹಟವೆಂದು ಬೈಯುತ್ತಾರೆಯೇ ಹೊರತು ಗಾಯದ ಮುಂದುವರಿಕೆಯೆಂದು ಗುರುತಿಸುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ. ಅಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ, ಮನಶ್ಶಾಸ್ತ್ರಜ್ಞರ ಸಲಹೆ ಒಂದೇ ಸೂರಿನಡಿ ಸಿಗುವ ಏರ್ಪಾಡಿದೆ, ಹದಿನೆಂಟರವರೆಗಿನ ಮಕ್ಕಳಿಗೆ ಉಚಿತವಾಗಿಯೇ ಇದೆ. ಹುಟ್ಟಿನ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂಬ ನಾಲ್ಕು ಗುಂಪುಗಳ ಸುತ್ತ ರೂಪುಗೊಂಡ ಆ ಕಾರ್ಯಕ್ರಮದಲ್ಲಿ ಅಪಘಾತದ ಗಾಯಕ್ಕೆ ಬೇರೆ ಗುಂಪು ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಪ್ರತಿ ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ ಆ ಕೇಂದ್ರದ ವಿಳಾಸವನ್ನೂ, ಮತ್ತೆ ಬರಬೇಕಾದ ತಿಂಗಳನ್ನೂ ಬರೆದುಕೊಡಲು ಹೊಸ ಯೋಜನೆಯೇನೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು.